ಹೊಸ್ತಿಲು ಹೊತ್ತವರು

ಊರಿನ ಸಮಸ್ತ ಮಹಾಜನಗಳಲ್ಲಿ ಸವಿನಯ ವಿಜ್ಞಾಪನೆ. ಇದೇ ಸೋಮವಾರ ಬೆಳಗಿನ ತಿಂಡಿಯಾದ ಮೇಲೆ, ಈ ಊರಿನ ಖಾಯಂ ನಿವಾಸಿಗಳಾದ ಟೈಲರ್ ಹಾಲಪ್ಪ, ಬಡಗಿ ವೀರಾಚಾರಿ ಮತ್ತು ಫೋಟೋ ಸ್ಟುಡಿಯೋ ಇಟ್ಟಿರುವ ನಾನು, ಈ ಮೂವರೂ ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಮೊಸರನ್ನದ ಬುತ್ತಿ ಸಮೇತ ಕಳೆದುಹೋಗಲಿದ್ದೇವೆ. ಮಹಾಜನಗಳು ಗಾಬರಿಯಾಗಬಾರದು. ಹುಡುಕಬಾರದು. ವಿಶೇಷ ಸೂಚನೆ: ಅಂದು ಹೊಲಿಗೆ ಅಂಗಡಿಗೆ ರಜೆ.

ಹೀಗಂತ ಮೈಕ್‌ಸೆಟ್ ಬಾಷಾ ಆಟೋದಲ್ಲಿ ಕೂತು ಊರೆಲ್ಲ ಸಾರಿದ. ಊರು ಬಿದ್ದು ಬಿದ್ದು ನಕ್ಕಿತು. ಬ್ಲೌಸು ಹೊಲಿಯಲು ಕೊಟ್ಟವರು ಮಾತ್ರ ಗಾಬರಿಯಾದರು.

ನಗಲು ಕಾರಣವಿತ್ತು. ನಮ್ಮೂರಲ್ಲಿ ಯಾರೂ ಕಳೆದುಹೋಗುವುದಿಲ್ಲ. ಯಾವ ದಿಕ್ಕಿಗೆ ಹೋಗಿ, ಎಷ್ಟು ದೂರ ಹೋಗಿ, ದೀಪ ಹಚ್ಚುವ ಹೊತ್ತಿಗೆ ಅವರವರ ಕಾಲು ಅವರವರ ಮನೆಯ ಹೊಸ್ತಿಲ ಮುಂದಿರುತ್ತದೆ. ಕಾಲು ನೋಯುವುದಿಲ್ಲ, ತಲೆ ಸುತ್ತುವುದಿಲ್ಲ. ಒಂದು ಹೆಜ್ಜೆ ಬಯಲಲ್ಲಿ, ಮುಂದಿನ ಹೆಜ್ಜೆ ಬಾಗಿಲಲ್ಲಿ. ಅಷ್ಟೇ. ಹಾಗಾಗಿ ‘ಇನ್ನೂ ಬಂದಿಲ್ಲವಲ್ಲ’ ಎಂಬ ಮಾತು ನಮ್ಮೂರ ಬಾಯಿಗೆ ಅಭ್ಯಾಸವೇ ಇಲ್ಲ. ಬಾಗಿಲಿಗೆ ಬಂದು ಬೀದಿ ನೋಡುವವರಿಲ್ಲ. ಮುದ್ದೆ ಇಳಿಸುವಾಗ ಗಂಡ ಬಂದಿರುತ್ತಾನೆ, ಸಾರು ಬಡಿಸುವಾಗ ಮಗ ಬಂದಿರುತ್ತಾನೆ. ಕುರಿ ಕಳೆಯುತ್ತದೆ, ಬೀಗದ ಕೈ ಕಳೆಯುತ್ತದೆ, ಮೂಗುಬೊಟ್ಟು ಕಳೆಯುತ್ತದೆ. ಅವನ್ನು ನಾವು ಬಹಳ ಪ್ರೀತಿಯಿಂದ ಹುಡುಕುತ್ತೇವೆ. ಒಂದು ಮೂಗುಬೊಟ್ಟಿಗೆ ಇಡೀ ಬೀದಿ ಮಂಡಿಯೂರಿದ್ದನ್ನು ನಾನೇ ಫೋಟೋ ತೆಗೆದಿದ್ದೇನೆ. ಮನುಷ್ಯರನ್ನು ಹುಡುಕಿದ ಫೋಟೋ ನನ್ನ ಸ್ಟುಡಿಯೋದಲ್ಲಿ ಒಂದೂ ಇಲ್ಲ.

ಪ್ರೀತಿಸಿ ಓಡಿಹೋಗುವವರಿಗೆ ಇದರಿಂದ ಬಹಳ ತೊಂದರೆ. ಹುಡುಗ ಹುಡುಗಿ ಟ್ರಂಕು ಹೊತ್ತು ಗುಡ್ಡ ದಾಟುತ್ತಾರೆ. ದೀಪದ ಹೊತ್ತಿಗೆ ಹುಡುಗ ಅವರಪ್ಪನ ಮುಂದೆ, ಹುಡುಗಿ ಅವರಮ್ಮನ ಮುಂದೆ. ಟ್ರಂಕಿಗೆ ಹೊಸ್ತಿಲಿಲ್ಲವಲ್ಲ, ಅದು ಕಾಡಲ್ಲೇ ಉಳಿಯುತ್ತದೆ. ಇನ್ನು ಒಂದು ನಿದ್ದೆ ಇಲ್ಲಿ ತೆಗೆದ ಪರವೂರಿನವರಿಗೂ ಈ ನಿಯಮ ಅಂಟುತ್ತದೆ. ಹಾಗಾಗಿ ನೆಂಟರು ಊಟ ಮುಗಿಸಿದವರೇ ಕೈಯೊರೆಸಿಕೊಳ್ಳುತ್ತಾ ಓಡುತ್ತಾರೆ. ವಿಮಾ ಏಜೆಂಟರೊಬ್ಬರು ಹೋಳಿಗೆ ಉಂಡು ಜಗಲಿಯ ಮೇಲೆ ಐದು ನಿಮಿಷ ಅಡ್ಡಾಗಿದ್ದರು. ಈಗ ಅವರ ಮೊಮ್ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಿದ್ದಾರೆ.

ಇಂಥ ಊರಿಗೆ ಹೋದ ಬೇಸಿಗೆಯಲ್ಲಿ ಆ ಸಿನಿಮಾ ಬಂತು.

ನಮ್ಮಲ್ಲಿ ಟಾಕೀಸಿಲ್ಲ. ಟೂರಿಂಗ್ ಟಾಕೀಸಿನವನು ಆಗಾಗ ಬೆಳಗ್ಗೆ ಬಂದು, ಶೇಂಗಾ ಗೋಡೌನಿನ ಕಿಟಕಿಗಳಿಗೆ ಗೋಣಿಚೀಲ ಬಡಿದು ಕತ್ತಲೆ ಮಾಡಿ, ಒಂದೇ ಆಟ ತೋರಿಸಿ, ಬಿಸಿಲಿರುವಾಗಲೇ ಪರಾರಿಯಾಗುತ್ತಾನೆ. ಅವತ್ತು ಫೈಟಿಂಗ್ ಪಿಕ್ಚರ್ ತರಬೇಕಿತ್ತು. ಡಬ್ಬಿ ಬದಲಾಗಿ ಕಲಾತ್ಮಕ ಚಿತ್ರ ಬಂದುಬಿಟ್ಟಿತು. ಕಲೆ ಅಂದರೆ ಏನಂತ ನಮಗೂ ಗೊತ್ತು: ಒಗೆದರೂ ಹೋಗದ್ದು. ಇದೂ ಹಾಗೇ ಅಂಟಿಕೊಂಡಿತು.

ಕಥೆ ಅಂತ ಹೇಳಲೇಬೇಕೆಂದರೆ, ಮೂವರು ಗೆಳೆಯರು ಕುರುಚಲು ಕಾಡಿಗೆ ಹೋಗುತ್ತಾರೆ. ದಾರಿ ತಪ್ಪುತ್ತದೆ. ನಡೆಯುತ್ತಾರೆ. ಆಮೇಲೆ ಇನ್ನಷ್ಟು ನಡೆಯುತ್ತಾರೆ. ಹಾಡಿಲ್ಲ, ಹೊಡೆದಾಟವಿಲ್ಲ, ಮಾತಂತೂ ಔಷಧಿಗೆ ಬೇಕೆಂದರೂ ಇಲ್ಲ. ಒಬ್ಬ ಬಂಡೆಯ ಮೇಲೆ ಕೂತ. ನಾವು ಶೇಂಗಾ ಸುಲಿದು, ತಿಂದು, ಸಿಪ್ಪೆಯನ್ನು ಹೊರಗೆ ಸುರಿದು ಬಂದು ನೋಡಿದರೆ ಇನ್ನೂ ಕೂತೇ ಇದ್ದ. ಕ್ಯಾಮೆರಾ ಇಟ್ಟವನು ಅದನ್ನು ಅಲ್ಲೇ ಮರೆತು ಮನೆಗೆ ಹೋಗಿದ್ದಾನೆ ಅಂತ ವೀರಾಚಾರಿ ಅನುಮಾನಪಟ್ಟ.

ತೆರೆಯ ಮೇಲೆ ಸೂರ್ಯ ಮುಳುಗಿದ. ಗೋಡೌನಿನಲ್ಲಿ ಎಲ್ಲರೂ ನೆಟ್ಟಗೆ ಕೂತರು, ಇನ್ನೇನು ಮೂವರೂ ಮನೆ ಸೇರುತ್ತಾರೆ ಅಂತ. ಸೇರಲಿಲ್ಲ. ಕತ್ತಲಾಯಿತು. ಅವರು ಕಾಡಲ್ಲೇ ಇದ್ದರು.

“ಅಯ್ಯೋ, ದೀಪದ ಹೊತ್ತಾತಲ್ಲ, ಇನ್ನೂ ಅಲ್ಲೇ ಅದಾರಲ್ಲ!” ಅಂತ ಒಂದು ಹೆಂಗಸು ಎದ್ದು ನಿಂತಿತು.

“ಏಯ್, ಮನೆಗೆ ಹೋಗ್ರಲೇ!” ಅಂತ ಹಿಂದಿನಿಂದ ಯಾರೋ ತೆರೆಗೆ ಗದರಿದರು.

“ಪೌರಾಣಿಕ ಇರ್ಬೇಕು ಸುಮ್ನಿರ್ರಪ್ಪ, ವನವಾಸದ ಸೀನು,” ಅಂತ ವಿಮಾ ಏಜೆಂಟರು ಸಮಾಧಾನ ಮಾಡಿದರು.

ಕೊನೆಯಲ್ಲಿ, ಅಂದರೆ ಅರ್ಧ ಊರು ಗೊರಕೆ ಹೊಡೆಯುತ್ತಿದ್ದಾಗ, ಆ ಮೂವರಲ್ಲೊಬ್ಬನ ಹೆಂಡತಿ ಗುಡ್ಡದ ನೆತ್ತಿಯಲ್ಲಿ ನಿಂತು ಗಂಡನ ಹೆಸರು ಹಿಡಿದು ಕೂಗಿದಳು. ಗಂಡನ ಹೆಸರು ಹೇಳಬಾರದೆಂಬ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿ, ಬಾಯಿ ತುಂಬ ಕೂಗಿದಳು. ಅವನು ಕೆಳಗೆ ಪೊದೆಯ ಹಿಂದೆಯೇ ಇದ್ದ. ಕೇಳಿಸಿತು. ಆದರೂ ಓಗೊಡಲಿಲ್ಲ. ಇನ್ನೊಂದು ಸಲ ಕೂಗಲಿ ಅಂತ ಕಾದ. ಅವಳು ಕೂಗಿದಳು. ಪಿಕ್ಚರ್ ಮುಗಿಯಿತು.

ಗೋಣಿಚೀಲ ಕಿತ್ತು ಬೆಳಕಾದ ಮೇಲೂ ಹಾಲಪ್ಪ ಎದ್ದಿರಲಿಲ್ಲ.

“ಏಳಪ್ಪ, ಮುಗೀತು,” ಅಂದೆ.

“ನೋಡಿದ್ಯಾ?”

“ಏನ್ ನೋಡೋದು, ಬಂಡೆ ನೋಡಿದೆ.”

“ಹೆಸರು ಹಿಡಿದು ಕೂಗಿದ್ಳು ಕಣಪ್ಪ. ನಮ್ ಕೊಟ್ರಿ ನನ್ನ ಕಟ್ಕಂಡು ಇಷ್ಟ್ ವರ್ಷ ಆತು. ಇವ್ನೆಲ್ಲಿ ಹೋದ ಅಂತ ಒಂದ್ ದಿನಾನಾದ್ರೂ ಅಂದ್ಕಂಡಿರ್ತಾಳಾ?”

“ಯಾಕಂದ್ಕಂತಾಳೆ? ಸಂಜೆ ಹೊತ್ತಿಗೆ ಹೊಸ್ತಿಲ ಮುಂದೆ ನಿಂತಿರ್ತೀಯಲ್ಲ.”

“ಅದೇ ನಾ ಹೇಳಾದು. ಗಿರಣಿಯಿಂದ ಹಿಟ್ಟು ಬಂದಂಗೆ ಗಂಡ ಬರ್ತಾನೆ. ಹಿಟ್ಟಾದ್ರೂ ಒಂದೊಂದ್ಸಲ ತಡ ಆಗ್ತೈತೆ. ಗಿರಣಿಗೆ ಹೋಗಿ ನಿಂತ್ಕಂತಾಳೆ, ಕೇಳ್ತಾಳೆ. ನಂಗೆ ಅಷ್ಟೂ ಇಲ್ಲ.”

ನಾನು ನಕ್ಕುಬಿಟ್ಟೆ. ಹಾಲಪ್ಪ ನಗಲಿಲ್ಲ. ಊರಿನವರ ಎದೆಯಳತೆ, ಸೊಂಟದಳತೆ ಎಲ್ಲ ಬಾಯಲ್ಲಿ ಹೇಳುವ ಮನುಷ್ಯ ಅವನು. ಒಬ್ಬರ ಮನಸ್ಸಿನಲ್ಲಿ ತನ್ನ ಅಳತೆ ಎಷ್ಟು ಅಂತ ಗೊತ್ತಿಲ್ಲದೆ ಕೂತಿದ್ದ.

ಅವತ್ತು ಸಂಜೆ ನಾನೂ ಹೊಸ್ತಿಲ ಮುಂದೆ ಪ್ರತ್ಯಕ್ಷನಾದಾಗ ನನ್ನ ಹೆಂಡತಿ ಸುಮಿತ್ರಿ ಒಲೆಯ ಮುಂದಿದ್ದಳು. ತಲೆಯೆತ್ತದೆ, “ಕಾಲ್ ತೊಳ್ಕಂಡ್ ಬರ್ರಿ,” ಅಂದಳು. ದಿನಾ ಅನ್ನುವುದೇ. ಆದರೆ ಬಂದದ್ದು ನಾನೇ ಅಂತ ಅವಳು ನೋಡಿಯೇ ಇರಲಿಲ್ಲ ಎಂಬುದು ಅವತ್ತು ಕಣ್ಣಿಗೆ ಬಿತ್ತು.

“ಅಲ್ಲ ಕಣೇ, ನಾನು ಬರದೇ ಇದ್ರೆ ಏನ್ ಮಾಡ್ತೀಯ?”

“ಬರದೇ ಇದ್ರೆ ಅಂದ್ರೆ?” ಗೋಡೆ ಎದ್ದು ಸಂತೆಗೆ ಹೋದರೆ ಏನು ಮಾಡುತ್ತೀ ಅಂತ ಕೇಳಿದ ಹಾಗೆ ನನ್ನನ್ನೇ ನೋಡಿದಳು. ಒಂದು ಗಳಿಗೆ ಯೋಚಿಸಿ, “ಒಂದ್ ಮುದ್ದೆ ಉಳಿತೈತೆ,” ಅಂದಳು. ಆಮೇಲೆ ಸೌಟು ಕೆಳಗಿಟ್ಟು, “ನಾನು ಬರದೇ ಇದ್ರೆ ನೀವೇನ್ ಮಾಡ್ತೀರಿ?” ಅಂತ ಕೇಳಿದಳು. ನಾನು ಕಾಲು ತೊಳೆಯಲು ಹೋದೆ.

ಉಪಾಯ ಹೊಳೆದದ್ದು ವೀರಾಚಾರಿಗೆ. “ಕಾಲು ಹೋಗೋದು ಹೊಸ್ತಿಲಿಗೆ ಕಣ್ರಲೇ, ಮನೆಗಲ್ಲ,” ಅಂದ. ಹಿಂದೊಮ್ಮೆ ನಮ್ಮೂರ ಶೇಷಣ್ಣನ ಮನೆಯ ಹೊಸ್ತಿಲು ಸೀಳಿತ್ತಂತೆ. ವೀರಾಚಾರಿ ಅದನ್ನು ಕಿತ್ತು ರಿಪೇರಿಗೆಂದು ತನ್ನ ಕೊಟ್ಟಿಗೆಯಲ್ಲಿಟ್ಟಿದ್ದ. ಸಂಜೆ ಶೇಷಣ್ಣ ನೇರವಾಗಿ ಕೊಟ್ಟಿಗೆಗೇ ಬಂದ. ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು, ಹತ್ತರಿ ಹೊಡೆದ ಮರದ ಹೊಟ್ಟಿನ ಮೇಲೆ ಹಾಯಾಗಿ ಮಲಗಿದ. “ಅಂದ್ರೆ ನಮ್ ಹೊಸ್ತಿಲು ನಾವು ಹೊತ್ಕಂಡ್ ಹೋದ್ರೆ? ಕಾಲು ಎಲ್ಲಿಗ್ ಹೋಗ್ತೈತೆ? ಎಲ್ಲಿಗೂ ಇಲ್ಲ. ಇದ್ದಲ್ಲೇ!”

ಹಾಲಪ್ಪ ವೀರಾಚಾರಿಯನ್ನು ತಬ್ಬಿಕೊಂಡ.

ಸುಮ್ಮನೆ ಕಳೆದುಹೋಗುತ್ತೇವೆಂದರೆ ಮನೆಯಲ್ಲಿ ಒಪ್ಪುವರೇ? ಅದಕ್ಕೊಂದು ನೆಪ ಬೇಕಿತ್ತು. ನಾವೂ ಅಂಥದೇ ಸಿನಿಮಾ ಮಾಡುತ್ತೇವೆ ಅಂತ ಸುದ್ದಿ ಹಬ್ಬಿಸಿದೆವು. ಮದುವೆ ವಿಡಿಯೋ ತೆಗೆಯುವ ಕ್ಯಾಮೆರಾ ನನ್ನದಾದ್ದರಿಂದ ನಿರ್ದೇಶನವೂ ನನ್ನದೇ ಆಯಿತು. ಮೈಕಿನ ಸಾರ್ವಜನಿಕ ಪ್ರಕಟಣೆಯನ್ನು ಬರೆಯುವಾಗ ಮಾತ್ರ ಸ್ವಲ್ಪ ಜಗಳವಾಯಿತು. ‘ಹುಡುಕಬಾರದು’ ಎಂಬುದನ್ನು ತೆಗೆಯಬೇಕೆಂದು ಹಾಲಪ್ಪ ಹಟ ಹಿಡಿದ.

“ಹುಡುಕ್ಲಿ ಅಂತಾನೇ ಹೋಗ್ತಿರೋದು, ಹುಡುಕಬೇಡಿ ಅಂತೀಯಲ್ಲೋ!”

“ನಿಂಗೆ ಗೊತ್ತಾಗಲ್ಲ. ‘ಇಲ್ಲಿ ಮೂತ್ರ ಮಾಡಬಾರದು’ ಅಂತ ಬರೆದ ಗೋಡೆ ಯಾವತ್ತಾದ್ರೂ ಒಣಗಿರೋದ್ ನೋಡಿದೀಯಾ?”

ಆ ವಾದಕ್ಕೆ ಅವನು ಒಪ್ಪಿದ.

ಸೋಮವಾರ ಬೆಳಗ್ಗೆ ವೀರಾಚಾರಿ ಮೊದಲು ತನ್ನ ಮನೆಯ ಹೊಸ್ತಿಲು ಕಿತ್ತ, ಆಮೇಲೆ ನನ್ನದು. ಕೊನೆಗೆ ಹಾಲಪ್ಪನ ಮನೆಗೆ ಹೋದೆವು. ಗೆದ್ದಲು ಹಿಡಿದಿದೆ, ಔಷಧಿ ಹಚ್ಚಬೇಕು ಎಂಬುದು ಎಲ್ಲ ಕಡೆ ಹೇಳಿದ ಸುಳ್ಳು.

“ಸೋಮ್ವಾರದ ದಿನ ಯಾರಾದ್ರೂ ಹೊಸ್ತಿಲಿಗೆ ಕೈ ಹಾಕ್ತಾರೇನ್ರಿ?” ಅಂತ ಹಾಲಪ್ಪನ ಹೆಂಡತಿ ಕೊಟ್ರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಗೆದ್ದಲಿಗೆ ವಾರ ಗೊತ್ತಾಗಲ್ಲ ಕಣಕ್ಕ,” ಅಂದ ವೀರಾಚಾರಿ, ಹಾರೆಯಿಂದ ಮೀಟುತ್ತಾ.

ಹೊಸ್ತಿಲು ಎದ್ದು ಬಂತು. ಕೊಟ್ರಮ್ಮ ಒಳಗೆ ಹೋಗಿ ಅರಿಸಿನ ಕುಂಕುಮ ತಂದು, ಅದು ಹಾಲಪ್ಪನ ಹೆಗಲ ಮೇಲಿರುವಾಗಲೇ ಹಚ್ಚಿ, ಒಂದು ಕನಕಾಂಬರ ಇಟ್ಟು, “ಜ್ವಾಪಾನ,” ಅಂದಳು. ಆಮೇಲೆ ಗಂಡನ ಕಡೆ ತಿರುಗಿ, “ಸಂಜೆಗೆ ಏನ್ ಸಾರು ಮಾಡ್ಲಿ?” ಅಂತ ಕೇಳಿದಳು.

“ಸಂಜೆಗೆ ನಾನಿರಲ್ಲ ಕಣೇ. ಮೈಕ್‌ನಾಗೆ ಹೇಳಿದ್ ಕೇಳ್ಲಿಲ್ವಾ?”

“ಕೇಳ್ದೆ. ಹುರುಳಿಕಾಳು ಮಾಡ್ತೀನಿ.”

ಬೀದಿ ತಿರುಗಿದ ಮೇಲೆ ಹಾಲಪ್ಪ ನಿಟ್ಟುಸಿರು ಬಿಟ್ಟ. “ಜ್ವಾಪಾನ ಅಂದ್ಳಲ್ಲ, ಅದು ಹೊಸ್ತಿಲಿಗೆ. ನಂಗಲ್ಲ.”

ಹೀಗೆ ನಾವು ಮೂವರು ತಲೆಯ ಮೇಲೊಂದೊಂದು ಹೊಸ್ತಿಲು ಹೊತ್ತು ಕುರುಚಲು ಕಾಡಿನತ್ತ ನಡೆದೆವು. ಹೊತ್ತು ಹೊತ್ತೇ ಹೊತ್ತು ಕಳೆದೆವು ಎನ್ನಬಹುದು. ಕ್ಯಾಮೆರಾವನ್ನು ಬಂಡೆಯ ಮೇಲಿಟ್ಟು, ಅದರ ಮುಂದೆ ಎಡದಿಂದ ಬಲಕ್ಕೆ ನಡೆದೆವು. ಆಮೇಲೆ ಕ್ಯಾಮೆರಾ ತಿರುಗಿಸಿ ಬಲದಿಂದ ಎಡಕ್ಕೆ. “ನಿಧಾನ, ಇನ್ನೂ ನಿಧಾನ,” ಅಂತ ನಾನು ಕೂಗುತ್ತಿದ್ದೆ. “ಮುಖದಾಗೆ ಏನೂ ತೋರಿಸ್ಬ್ಯಾಡ್ರಿ!” ಬೀಟೆ ಮರದ ಹೊಸ್ತಿಲು ಹೊತ್ತವನ ಮುಖದಲ್ಲಿ ಕತ್ತುನೋವು ಬಿಟ್ಟು ಬೇರೇನೂ ಬರುವುದಿಲ್ಲ ಎಂಬುದು ವೀರಾಚಾರಿಯ ಅನುಭವ. ಕಲಾತ್ಮಕ ಚಿತ್ರದವರು ಯಾಕೆ ಅಷ್ಟು ಗಂಭೀರವಾಗಿರುತ್ತಾರೆ ಅಂತ ನನಗೆ ಅವತ್ತು ಅರ್ಥವಾಯಿತು.

ಕಳೆದುಹೋಗುವುದು ಮಾತ್ರ ಸುಲಭವಾಗಿರಲಿಲ್ಲ. ನೋಡಿದ ಪೊದೆಯೆಲ್ಲ ಪರಿಚಯದ್ದು. ಕಾಡು ಒಂದಿಷ್ಟೂ ಕಾಡಲಿಲ್ಲ. ಕೊನೆಗೆ ಕಣ್ಣಿಗೆ ಟವೆಲು ಕಟ್ಟಿಕೊಂಡು, ಒಬ್ಬರನ್ನೊಬ್ಬರು ಗಿರಗಿರ ತಿರುಗಿಸಿ, ಬಿದ್ದು ಎದ್ದು, ಹೊಸ್ತಿಲು ಕ್ಯಾಮೆರಾ ಮತ್ತೆ ಹೊತ್ತು, ಕೈ ಹಿಡಿದುಕೊಂಡು ಎತ್ತ ಅಂದರತ್ತ ನಡೆದೆವು. ಟವೆಲು ಬಿಚ್ಚಿದಾಗ ಮೂವರಿಗೂ ದಿಕ್ಕು ತಿಳಿಯಲಿಲ್ಲ. ಕಾರೆಗಿಡ, ಕಲ್ಲು, ಮೇಲೊಂದು ಹದ್ದು. ನಾವು ಎಲ್ಲಿದ್ದೇವೆಂದು ನಮಗೇ ಗೊತ್ತಿಲ್ಲ. ಐವತ್ತು ದಾಟಿದ ಮೂರು ಗಂಡಸರು ಹಬ್ಬದ ಬಟ್ಟೆ ಹಾಕಿಕೊಂಡ ಹುಡುಗರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಲ್ಲೇ ಒಂದು ತುಕ್ಕು ಹಿಡಿದ ಟ್ರಂಕಿತ್ತು. ಯಾರದೋ ಓಡಿಹೋದವರದು. ನಾನೂ ಹಾಲಪ್ಪನೂ ಅದರ ಮೇಲೆ ಕೂತು ಬುತ್ತಿ ಬಿಚ್ಚಿದೆವು. ವೀರಾಚಾರಿ ಕೂರಲಿಲ್ಲ. ಸುತ್ತು ಹಾಕಿ ಅದರ ಕೊಂಡಿ ನೋಡಿದ, ಪಕ್ಕದಲ್ಲಿ ಅಳಿಸಿಹೋಗಿದ್ದ ಗುಲಾಬಿ ಹೂವಿನ ಪೇಂಟು ನೋಡಿದ.

“ಯಾರ್ದು ಗೊತ್ತಾ ಆಚಾರಿ?” ಅಂದ ಹಾಲಪ್ಪ.

“ನಂಗ್ಯಾಕ್ ಗೊತ್ತಿರ್ತೈತೆ?” ಅಂದ. ಉಂಡಾದ ಮೇಲೆ ನಮ್ಮನ್ನು ಎಬ್ಬಿಸಿ, ತನ್ನ ಟವೆಲಿನಿಂದ ಅದರ ಮುಚ್ಚಳದ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಒಂದೊಂದಾಗಿ ಒರೆಸಿದ. ನಾವು ಏನೂ ಕೇಳಲಿಲ್ಲ. ಮಾತಿಲ್ಲದ ಸಿನಿಮಾ ಅಲ್ಲವೇ.

ಬಿಸಿಲು ಇಳಿಯಿತು. ಮೂರೂ ಹೊಸ್ತಿಲುಗಳನ್ನು ಸಾಲಾಗಿ ನೆಲದ ಮೇಲಿಟ್ಟು, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಅವರವರ ಹೊಸ್ತಿಲ ಹಿಂದೆ ಅವರವರು ಕೂತೆವು. ಗೋಡೆಯಿಲ್ಲ, ಸೂರಿಲ್ಲ, ಬಾಗಿಲಿಲ್ಲ. ಆಕಾಶ ಕೆಂಪಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ನಮ್ಮೂರಿನವರು ಈ ಹೊತ್ತಿನ ಆಕಾಶವನ್ನು ಬಾಗಿಲ ಅಗಲಕ್ಕಿಂತ ಹೆಚ್ಚು ನೋಡಿದವರಲ್ಲ. ಅದು ಅಷ್ಟೊಂದು ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಈಗ ಬಾಗ್ಲಿಗೆ ಬಂದಿರ್ತಾಳೆ,” ಅಂದ ಹಾಲಪ್ಪ ಪಿಸುದನಿಯಲ್ಲಿ. “ಆ ಕಡೆ ನೋಡ್ತಾಳೆ, ಈ ಕಡೆ ನೋಡ್ತಾಳೆ. ಇನ್ನೂ ಬಂದಿಲ್ವಲ್ಲ ಅಂತಾಳೆ. ಪಕ್ಕದ ಮನೆ ಕೇಳ್ತಾಳೆ. ಆಮೇಲೆ ಹೊರಡ್ತಾಳೆ.” ಅವನ ಕೈ ತಾನಾಗಿ ಅಂಗಿಯ ಗುಂಡಿಗಳನ್ನು ಎಣಿಸುತ್ತಿತ್ತು.

“ಹೊರಡದೇ ಇದ್ರೆ?” ಅಂತ ವೀರಾಚಾರಿ ಕೇಳಿಬಿಟ್ಟ.

ಹಾಲಪ್ಪನ ಬೆರಳು ಕೊನೆಯ ಗುಂಡಿಯ ಮೇಲೆ ನಿಂತಿತು. “ಹೊರಡದೇ ಇದ್ರೆ ಅದನ್ನಾದ್ರೂ ತಿಳ್ಕಂಡ್ ಸಾಯ್ತೀನಿ,” ಅಂದ. ಆಮೇಲೆ ಕಿವಿಗೆ ಕೈಯಿಟ್ಟು, “ನೋಡ್ರಪ್ಪ, ಕೂಗಿದ್ರೆ ಯಾರೂ ಓ ಅನ್ಬ್ಯಾಡ್ರಿ. ಎಲ್ಡ್ ಸಲ ಕೂಗ್ಲಿ,” ಅಂದ.

ದೀಪದ ಹೊತ್ತಾಯಿತು. ನಮ್ಮ ಕಾಲು ಕದಲಲಿಲ್ಲ. ಗೆದ್ದೆವು ಅಂತ ವೀರಾಚಾರಿ ಬಾಯಿ ತೆರೆದ.

ಅಷ್ಟರಲ್ಲಿ ನನ್ನ ಹೊಸ್ತಿಲ ಮುಂದೆ ಸುಮಿತ್ರಿ ನಿಂತಿದ್ದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು, ಅದರ ತುದಿಯಲ್ಲಿ ಹೊಗೆಯಾಡುವ ಹಿಟ್ಟು. ಪಕ್ಕದಲ್ಲಿ ನಮ್ಮವ್ವ, ಎಲೆಯಡಿಕೆ ಕುಟ್ಟುತ್ತಿದ್ದ ಒರಳು ಹಿಡಿದು. ವೀರಾಚಾರಿಯ ಹೊಸ್ತಿಲ ಮುಂದೆ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅರ್ಧ ಜಡೆ ಬಿಚ್ಚಿಕೊಂಡಿದ್ದ ಅವನ ಅತ್ತೆ.

“ಇದ್ಯಾವ್ ನಾಟ್ಕನೋ ಆಚಾರಿ?” ಅಂತ ಅತ್ತೆ ಕಿರುಚಿದಳು.

“ಶೇಷಣ್ಣನ ಹೊಸ್ತಿಲು ಕಿತ್ತಾಗ ಹಿಂಗಾಗ್ಲಿಲ್ವಲ್ಲ!” ಅಂತ ವೀರಾಚಾರಿ ತೊದಲಿದ. “ಅವ್ನೊಬ್ನೇ ಬಂದಿದ್ದ!”

“ಶೇಷಣ್ಣಂಗೆ ಯಾರವ್ರೋ ಮೂದೇವಿ? ಒಂಟಿ ಗೂಬೆ ಅದು! ಹೊಸ್ತಿಲೇನು ನಿಂಗೊಬ್ನಿಗೇ ಬರ್ಕೊಟ್ಟವ್ರಾ? ಮನೆ ಮಂದಿಗೆಲ್ಲ ಅದೇ ಹೊಸ್ತಿಲು!”

ಅದು ನಮಗೆ ಮೂವರಿಗೂ ಹೊಳೆದಿರಲೇ ಇಲ್ಲ. ಹೊಸ್ತಿಲು ಹೊತ್ತಾಗ ನಾವು ನಮ್ಮ ಕಾಲಿನ ಲೆಕ್ಕ ಮಾತ್ರ ಹಾಕಿದ್ದೆವು. ಅವ್ವ ಸುತ್ತ ನೋಡಿ, ನಿಧಾನವಾಗಿ ತೀರ್ಪು ಕೊಟ್ಟಳು: “ಹೊಸ್ತಿಲು ಇದ್ದಲ್ಲಿ ಮನೆ. ಸ್ವಂತ ಮನೆ ಬಾಗ್ಲಲ್ಲಿ ಕುಂತ್ಕಂಡು ಕಳೆದೋದ್ವಿ ಅಂದ್ರೆ ಜನ ಉಗೀತಾರೆ.” ನಿಯಮದ ಪ್ರಕಾರ ನಾವು ಕಳೆದುಹೋಗಿಯೇ ಇರಲಿಲ್ಲ. ಯಾರೂ ನಮ್ಮನ್ನು ಹುಡುಕಿರಲೂ ಇಲ್ಲ. ಕ್ಯಾಮೆರಾದ ಮುಂದೆ ಮೂರು ಸಂಸಾರ ನಿಂತು ಬೈಯುತ್ತಿತ್ತು. ಅಂದರೆ ಅದು ಕಲಾತ್ಮಕ ಚಿತ್ರವೂ ಅಲ್ಲ.

ಹಾಲಪ್ಪ ಇದಾವುದನ್ನೂ ಕೇಳುತ್ತಿರಲಿಲ್ಲ. ಅವನ ಹೊಸ್ತಿಲ ಮುಂದೆ ಕೊಟ್ರಮ್ಮ ನಿಂತಿದ್ದಳು. ಬಂದವರೆಲ್ಲ ಬರಿಗಾಲಲ್ಲಿದ್ದರು, ಒಲೆ ಮುಂದಿನಿಂದ, ಜಗಲಿಯಿಂದ ಎದ್ದು ಬಂದವರು. ಕೊಟ್ರಮ್ಮ ಮಾತ್ರ ಚಪ್ಪಲಿ ಮೆಟ್ಟಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಹಾಲಪ್ಪ ಆ ಚಪ್ಪಲಿಗಳನ್ನು ನೋಡಿದ. ಅವಳ ಮುಖ ನೋಡಿದ. ಮತ್ತೆ ಚಪ್ಪಲಿ ನೋಡಿದ.

“ಹುಡುಕ್ಕಂಡ್ ಬಂದ್ಯಾ?” ಅಂತ ಕೇಳಿದ. ಬಹಳ ಸಣ್ಣ ದನಿಯಲ್ಲಿ.

ಕೊಟ್ರಮ್ಮ ಬಗ್ಗಿ, ಮಣ್ಣು ಮೆತ್ತಿದ್ದ ಹೊಸ್ತಿಲನ್ನು ಸೆರಗಿನ ತುದಿಯಿಂದ ಒರೆಸಿದಳು. ಚಪ್ಪಲಿ ಬಿಟ್ಟು ಅದನ್ನು ದಾಟಿ ಒಳಗೆ, ಅಂದರೆ ಕಾರೆಗಿಡದ ಪಕ್ಕಕ್ಕೆ ಬಂದು, ಗಂಡನ ಎದುರು ಕೂತಳು.

“ಹೆಸರು ಬಾಯಿಗ್ ಬಂದಿತ್ತು,” ಅಂದಳು. “ಕೂಗಾಕೆ ಪುರುಸೊತ್ತೆಲ್ಲಿ ಕೊಟ್ರಿ?”